ಅವರು ಮುಟ್ಟುವ ತನಕ ಗುಡಿಸಬಾರದು

ನನ್ನ ಮಾಮನಿಗೆ ತಲೆ ಸರಿ ಇಲ್ಲ ಎಂದು ಹೇಳುವವರು ವಾಮಂಜೂರಿನಲ್ಲಿ ಬಹಳ ಜನ ಇದ್ದಾರೆ. ಶುದ್ಧ ಸುಳ್ಳು! ತಲೆ ಸರಿಯಾಗಿಯೇ ಉಂಟು. ಅದರೊಳಗೆ ಒಂದು ಬಸ್‌ಸ್ಟ್ಯಾಂಡ್ ಉಂಟು, ಅಷ್ಟೆ. ಯಾರು ಎಲ್ಲಿಗೆ ಹೊರಟರು, ಯಾರು ಹೋದಲ್ಲಿಗೆ ಮುಟ್ಟಿದರು, ಯಾರು ಇನ್ನೂ ಮುಟ್ಟಲಿಲ್ಲ ಎಂಬ ಅನೌನ್ಸ್‌ಮೆಂಟು ಅಲ್ಲಿ ಹಗಲಿಡೀ ನಡೆಯುತ್ತಿರುತ್ತದೆ.

ಮನೆಯಿಂದ ಯಾರಾದರೂ ಪ್ರಯಾಣ ಹೊರಟ ಕೂಡಲೇ ಕಸ ಗುಡಿಸಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕ್ರಮ. ಹೋದವರನ್ನೇ ಗುಡಿಸಿ ಹೊರಗೆ ಹಾಕಿದ ಹಾಗೆ ಆಗುತ್ತದಂತೆ. ಸಾಮಾನ್ಯ ಜನ ಸ್ವಲ್ಪ ಹೊತ್ತು ಕಾಯುತ್ತಾರೆ. ಬಸ್ಸು ತಿರುವು ದಾಟಿರಬಹುದು ಎಂದು ಅಂದಾಜು ಮಾಡಿ, ತೆಂಗಿನ ಕಡ್ಡಿಯ ಹಿಡಿಸೂಡಿ ಕೈಗೆತ್ತಿಕೊಂಡು ಕೆಲಸ ಶುರು ಮಾಡುತ್ತಾರೆ. ನನ್ನ ಮಾಮ ಸಾಮಾನ್ಯ ಜನವಾ? ಹೋದವರು ಹೋದ ಜಾಗಕ್ಕೆ ಮುಟ್ಟಬೇಕು. ಮುಟ್ಟಿದ್ದೇನೆ ಎಂದು ಸ್ವಂತ ಬಾಯಿಯಿಂದ ಫೋನಿನಲ್ಲಿ ಹೇಳಬೇಕು. ಅಲ್ಲಿಯವರೆಗೆ ಆ ಮನೆಯ ಹಿಡಿಸೂಡಿ ಮೂಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿರಬೇಕು.

ಮಾಮ ಎಂದರೆ ನನ್ನ ಅಮ್ಮನ ಅಣ್ಣ. ಫಳ್ನೀರಿನಲ್ಲಿ ಹೊಟೇಲು ನಡೆಸುತ್ತಿದ್ದರು. ಮೊಣಗಂಟು ಕೆಟ್ಟ ಮೇಲೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಈಗ ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆ ಕಾಯುತ್ತಾರೆ. ಅವರ ಹೆಂಡತಿ ನನ್ನ ಮಾಮಿ. ಅವರದೂ ನಮ್ಮದೂ ಒಂದೇ ಕಂಪೌಂಡಿನ ಎರಡು ಮನೆ. ಅವರಿಗೆ ಮಕ್ಕಳಿಲ್ಲ, ಆ ಜಾಗಕ್ಕೆ ನಾನು. ನನ್ನಂಥವನು ಒಬ್ಬನಿದ್ದರೆ ನಾಲ್ಕು ಮಕ್ಕಳ ಉಪದ್ರ ಒಟ್ಟಿಗೆ ಸಿಗುತ್ತದೆ ಎಂದು ಮಾಮಿ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಿದ್ದರು. (ನಮ್ಮಲ್ಲಿ ಮಾತೆಲ್ಲ ತುಳುವಿನಲ್ಲೇ. ನಿಮಗೋಸ್ಕರ ಕನ್ನಡ ಮಾಡಿ ಬರೆದಿದ್ದೇನೆ. ಬೈಗುಳಗಳು ಮಾತ್ರ ಕನ್ನಡಕ್ಕೆ ಬಗ್ಗಲಿಲ್ಲ, ಅವನ್ನು ಬಿಟ್ಟಿದ್ದೇನೆ. ಹಾಗಾಗಿ ಕತೆ ಅರ್ಧಕ್ಕರ್ಧ ಸಣ್ಣದಾಗಿದೆ!)

ಮಾಮ ಫೋನಿನಲ್ಲಿ ಹಲೋ ಎನ್ನುವವರಲ್ಲ. "ಮುಟ್ಟಿದ್ಯಾ?" ಎಂದೇ ಶುರು. ಮುಟ್ಟಿದೆ ಎಂದರೆ ಸಾಕಾ? ಸಾಲದು. ಪುರಾವೆ ಬೇಕು. ನಾನು ಸುರತ್ಕಲ್ಲಿಗೆ ಸಿಇಟಿ ಕೋಚಿಂಗಿಗೆ ಹೋಗುತ್ತೇನೆ. ಹೋಗುತ್ತೇನೆ ಎಂದರೆ ಬಸ್ಸು ಹತ್ತುತ್ತೇನೆ ಎಂದು ಅರ್ಥ. ಒಂದು ದಿನ ದಾರಿಯಲ್ಲಿ ಹಂಪನಕಟ್ಟೆಯಲ್ಲಿ ಇಳಿದು ಗೆಳೆಯನ ಜೊತೆ ಐಸ್‌ಕ್ರೀಮ್ ಅಂಗಡಿಯಲ್ಲಿ ಗಡ್‌ಬಡ್ ತಿನ್ನುತ್ತಿದ್ದೆ. ಫೋನ್ ಬಂತು.

"ಮುಟ್ಟಿದ್ಯಾ?"

"ಮುಟ್ಟಿದೆ ಮಾಮ. ಕ್ಲಾಸಲ್ಲಿದ್ದೇನೆ."

"ಎಲ್ಲಿ, ಸೌಂಡ್ ಕೇಳಿಸು."

ನಾನು ಫೋನನ್ನು ಅಂಗಡಿಯ ಫ್ಯಾನಿಗೆ ಹಿಡಿದೆ. ಸಾಲದೆಂದು ನನ್ನ ಗೆಳೆಯ ದನಿ ದಪ್ಪ ಮಾಡಿ, "ಸೈಲೆನ್ಸ್! ಎಲ್ಲರೂ ನ್ಯೂಟನ್ ಲಾ ಬರೀರಿ" ಎಂದ. ಆಹಾ, ಎಂಥ ನಟನೆ! ಅದೇ ಹೊತ್ತಿಗೆ ಹಿಂದಿನಿಂದ ಸಪ್ಲೈಯರ್ ಅಡಿಗೆಮನೆಗೆ ಕೂಗಿದ, "ಎರಡು ಗಡ್‌ಬಡ್, ಒಂದಕ್ಕೆ ಜೆಲ್ಲಿ ಬೇಡ!"

ಆಮೇಲೆ ಮಾಮ ಸಮಾಧಾನದಲ್ಲಿ ಹೇಳಿದರು, "ಪಾಠ ಒಳ್ಳೆದುಂಟು ಮಾರಾಯ. ನ್ಯೂಟನಿಗೆ ಜೆಲ್ಲಿ ಆಗುದಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ. ತಿಂದು ಸುರತ್ಕಲ್ ಮುಟ್ಟಿ ಇನ್ನೊಮ್ಮೆ ಫೋನ್ ಮಾಡು. ಮಾಮಿ ಹಿಡಿಸೂಡಿ ಹಿಡ್ಕೊಂಡು ನಿಂತಿದ್ದಾಳೆ."

ಪಕ್ಕದ ಮನೆಯ ಹಮೀದಾಕನ ಕತೆ ಇದಕ್ಕಿಂತ ಗಂಭೀರ. ಹಮೀದಾಕನಿಗೆ ಬಟ್ಟೆ ಅಂಗಡಿ, ಮಗ ದುಬೈಯಲ್ಲಿ. ಮಗನನ್ನು ನೋಡಲು ಒಮ್ಮೆ ಹೊರಟರು. ಮಾಮ ಗೇಟಿನ ತನಕ ಹೋಗಿ ಕೈಬೀಸಿದರು. ಹಮೀದಾಕ ದುಬೈ ಮುಟ್ಟಿದವರು ಮೊಮ್ಮಗನನ್ನು ಕಂಡ ಖುಷಿಯಲ್ಲಿ ವಾಮಂಜೂರನ್ನೇ ಮರೆತರು. ಇಲ್ಲಿ ಮನೆಯೊಳಗೆ ಮರುದಿನವೂ ಕಸ, ಅದರ ಮರುದಿನವೂ ಕಸ! ಕೊನೆಗೆ ಮಾಮಿಯೇ ದುಬೈಗೆ ಫೋನ್ ಹಚ್ಚಿ ಆ ಮನೆಯ ಸೊಸೆಯ ಹತ್ತಿರ ಬೇಡಿಕೊಂಡರು, "ನಿನ್ನ ಮಾವನನ್ನು ಏಳಿಸಿ 'ಮುಟ್ಟಿದೆ' ಅಂತ ಒಂದೇ ಮಾತು ಹೇಳಿಸು ಮಗಾ. ಇಲ್ಲಿ ಇರುವೆಗಳು ಮೆರವಣಿಗೆ ಹೊರಟಿವೆ."

ಆವತ್ತಿನಿಂದ ಹಮೀದಾಕ ಊರು ಬಿಡುವುದಿದ್ದರೆ ಸೂಟ್‌ಕೇಸ್ ತಲೆಯ ಮೇಲಿಟ್ಟುಕೊಂಡು ಹಿತ್ತಿಲ ಓಣಿಯಲ್ಲಿ ಕಳ್ಳನ ಹಾಗೆ ಹೋಗುತ್ತಾರೆ. ಯಾಕೆಂದರೆ ಮಾಮನ ಕಾನೂನಿನ ಮೂಲ ಕಲಮು ಇದು: ಹೊರಡುವುದನ್ನು ಕಂಡವನಿಗೆ ಮುಟ್ಟುವ ತನಕ ಬಿಡುಗಡೆ ಇಲ್ಲ. ಕಾಣದೇ ಹೋದರೆ ಜವಾಬ್ದಾರಿ ಇಲ್ಲ.

ಇದೆಲ್ಲದರ ನಡುವೆ ಮಾಮಿ ಹೇಗೆ ಬದುಕಿದರು ಎಂದು ನೀವು ಕೇಳಬಹುದು. ಗುಡಿಸುವುದೊಂದನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಕೆಲಸಕ್ಕೆ ಬರುವವಳು ಪಾತ್ರೆ ತೊಳೆಯಬಹುದು, ಬಟ್ಟೆ ಒಗೆಯಬಹುದು, ಹಿಡಿಸೂಡಿ ಮುಟ್ಟಲಿಕ್ಕಿಲ್ಲ. ಮಾಮಿಯ ಹೃದಯದಲ್ಲಿ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿರಲಿಲ್ಲ. "ಮಳೆಗಾಲದ ಬಾಗಿಲಿನ ಹಾಗೆ, ಉಬ್ಬಿ ಕೂತಿದೆ" ಎನ್ನುತ್ತಿದ್ದರು. ನಮ್ಮ ಹೊಸ ವರ್ಷದ ಬಿಸು ಹಬ್ಬ ಕಳೆದ ಕೂಡಲೇ ಆಪರೇಷನ್ ಎಂದು ಫಳ್ನೀರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ಅಷ್ಟರವರೆಗೆ ರೆಸ್ಟ್ ಮಾಡಬೇಕು, ಬಗ್ಗಬಾರದು, ಭಾರ ಎತ್ತಬಾರದು. ಮಾಮಿ ಎಲ್ಲದಕ್ಕೂ ಹೂಂ ಎಂದು, ಮನೆಗೆ ಬಂದ ಕೂಡಲೇ ಬಗ್ಗಿ ಗುಡಿಸಿದರು.

ಹೀಗಿರುವಾಗ ನಾಲ್ಕು ಜನ ಚಂದ್ರನಿಗೆ ಹೊರಟರು!

ಆವತ್ತು ಬೆಳಿಗ್ಗೆ ಮಾಮಿ ಮಾಡಿದ ನೀರುದೋಸೆ ತಿನ್ನಲು ನಾನು ಅಲ್ಲೇ ಇದ್ದೆ. ಟಿವಿಯಲ್ಲಿ ರಾಕೆಟ್ಟು ಬೆಂಕಿ ಉಗುಳುತ್ತ ಮೇಲೆ ಹೋಗುವುದನ್ನು ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದರು. ಒಂದು ಸಲ ಕಂಡರೇ ಬಿಡುಗಡೆ ಇಲ್ಲದ ನನ್ನ ಮಾಮ ಅದನ್ನು ನಲ್ವತ್ತು ಸಲ ಕಂಡರು. ದೋಸೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಮಾಮಿ ಹಿಡಿಸೂಡಿ ಹಿಡಿದು ಒಳಗಿನಿಂದ ಬಂದರು.

"ಗುಡಿಸ್ಬೇಡ!"

"ಯಾಕೆ? ಯಾರು ಹೋದ್ರು?"

"ನಾಲ್ಕು ಜನ. ಒಬ್ಬಳು ಹೆಂಗಸು ಸಹ ಇದ್ದಾಳೆ."

"ಎಲ್ಲಿಗೆ?"

ಮಾಮ ಬೆರಳು ಮೇಲೆ ಮಾಡಿದರು. ಮಾಮಿ ತಲೆಯ ಮೇಲಿನ ಮಾಡು ನೋಡಿದರು. ಅಲ್ಲಿ ಜೇಡರ ಬಲೆ ಮಾತ್ರ ಇತ್ತು. ವಿಷಯ ತಿಳಿದ ಮೇಲೆ ಹಿಡಿಸೂಡಿಯನ್ನು ಸೊಂಟಕ್ಕೆ ಕೊಟ್ಟು ನಿಂತರು.

"ನಿಮಗೆ ಎಂತ, ಮರ್ಲಾ, ಹುಚ್ಚಾ? ಅವರು ನಮ್ಮವರಾ? ನಮ್ಮ ಮನೆಯಿಂದ ಹೋದದ್ದಾ?"

"ನಾನು ಕಂಡಿದ್ದೇನಲ್ಲ ಹೊರಡುದು."

"ಟಿವಿಯಲ್ಲಿ!"

"ಟಿವಿ ಎಲ್ಲಿ ಉಂಟು? ನಮ್ಮ ಮನೆಯಲ್ಲಿ."

ಇದಕ್ಕೆ ಉತ್ತರ ಹೇಳುವ ವಕೀಲ ಮಂಗಳೂರಿನಲ್ಲಿ ಇನ್ನೂ ಹುಟ್ಟಲಿಲ್ಲ. ಮಾಮಿ ನನ್ನ ಕಡೆ ತಿರುಗಿದರು. "ನೀನು ದೊಡ್ಡ ಸೈನ್ಸ್ ಅಲ್ವಾ? ಚಂದ್ರನಿಗೆ ಮುಟ್ಲಿಕ್ಕೆ ಎಷ್ಟು ಹೊತ್ತು ಬೇಕು?"

ನಾನು ಎದೆ ಉಬ್ಬಿಸಿ ಹೇಳಿದೆ, ಹೋಗಲಿಕ್ಕೆ ಕೆಲವು ದಿನ, ಬರಲಿಕ್ಕೆ ಕೆಲವು ದಿನ, ಅಲ್ಲಿ ಇಳಿಯುವುದಿಲ್ಲ, ಹಿಂದಿನಿಂದ ಒಂದು ಸುತ್ತು ಹಾಕಿ ವಾಪಸ್.

ಮಾಮನಿಗೆ ಸಿಟ್ಟು ಬಂತು. "ಅಷ್ಟು ದೂರ ಹೋಗಿ ಇಳಿಯುದಿಲ್ವಾ? ಅದೆಂತ ಮರ್ಯಾದೆ? ನೆಂಟರ ಮನೆಯ ಬಾಗಿಲ ತನಕ ಹೋಗಿ ಬೆಲ್ಲ ನೀರು ಸಹ ಕುಡಿಯದೆ ಬಂದ ಹಾಗೆ!"

ಮಾಮಿಗೆ ಬೇಕಾಗಿದ್ದೇ ಬೇರೆ. "ಇಳಿಯುದಿಲ್ಲಾಂದ್ರೆ ಚಂದ್ರನ ಹತ್ತಿರ ಹೋದಾಗ ಮುಟ್ಟಿದ ಹಾಗೇ ಲೆಕ್ಕ. ಆವಾಗ ಗುಡಿಸ್ತೇನೆ."

"ಇಲ್ಲ. ಮನೆಗೆ ಬಂದ್ರೆ ಮಾತ್ರ ಮುಟ್ಟಿದ್ದು."

ತೀರ್ಪು ಬಂತು. ಮೇಲ್ಮನವಿಗೆ ಅವಕಾಶ ಇಲ್ಲ.

ಅಯ್ಯೋ, ಆ ದಿನಗಳು! ಅಂಗಳದ ಮಾವಿನ ಎಲೆಗಳು ಗಾಳಿಗೆ ಒಳಗೆ ಬಂದು ಸೋಫಾದ ಅಡಿಯಲ್ಲಿ ಸಂಸಾರ ಹೂಡಿದವು. ಕೂದಲಿನ ಉಂಡೆಗಳು ಬೆಕ್ಕಿನ ಮರಿಗಳ ಹಾಗೆ ಮೂಲೆಯಿಂದ ಮೂಲೆಗೆ ಓಡಾಡಿದವು. ಹೆದ್ದಾರಿಯ ಧೂಳು ಎಷ್ಟು ದಪ್ಪಕ್ಕೆ ಕೂತಿತ್ತೆಂದರೆ ಮಾಮ ಹಾಲ್‌ನಿಂದ ಬಚ್ಚಲಿಗೆ ಹೋದ ಹೆಜ್ಜೆ ಗುರುತು ನೆಲದ ಮೇಲೆ ಹಾಗೇ ಉಳಿಯುತ್ತಿತ್ತು. ಚಂದ್ರನ ಮೇಲೆ ಇಳಿಯದವರ ಬದಲಿಗೆ ನನ್ನ ಮಾಮ ಇಳಿದ ಹಾಗೆ! ನಾನು ಅದರ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದೆ. ಮುಕ್ಕಾಲು ಪಾಲು ಜನ ನಂಬಿದರು.

ನಾನು ಸುಮ್ಮನೆ ಕೂರುವವನಾ? ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದೆ. ಗುಡಿಸಬಾರದು ಎಂದು ಉಂಟು, ಹೀರಬಾರದು ಎಂದು ಎಲ್ಲಿ ಉಂಟು? ಮಾಮ ಅದನ್ನು ಸುತ್ತ ತಿರುಗಿ ನೋಡಿದರು. ಧೂಳು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಈ ಡಬ್ಬಿಯೊಳಗೆ ಎಂದೆ.

"ತೆಗಿ ಅತ್ಲಾಗಿ! ಅವರು ನಾಲ್ಕು ಜನ ಈಗ ಡಬ್ಬಿಯೊಳಗೇ ಇರುದು!"

ಕೊನೆಗೆ ಮಾಮಿಯ ಜೊತೆ ಒಂದು ಒಪ್ಪಂದ ಆಯಿತು. ಕೈಯಲ್ಲಿ ಒಂದೊಂದಾಗಿ ಹೆಕ್ಕಿದರೆ ಅದು ಗುಡಿಸಿದ ಹಾಗಲ್ಲ. ಮಾಮಿ ನೆಲದ ಮೇಲೆ ಕೂತು ಮಾವಿನ ಎಲೆ ಹೆಕ್ಕಲು ಶುರು ಮಾಡಿದರು. ಹೆಕ್ಕುತ್ತ ನಾಲ್ಕೂ ಜನರಿಗೆ ಬೈಯುತ್ತಿದ್ದರು. ಹೆಸರು ಗೊತ್ತಿಲ್ಲದ್ದರಿಂದ ಒಬ್ಬೊಬ್ಬರಿಗೂ ನಮ್ಮ ನೆಂಟರ ಹೆಸರಿಟ್ಟುಕೊಂಡು ಬೈಯುತ್ತಿದ್ದರು. ಅದರಲ್ಲಿ ಹೆಂಗಸಿಗೆ ಮಾತ್ರ ರಿಯಾಯಿತಿ. "ಪಾಪ, ಅವಳ ಮನೆಯಲ್ಲಿ ಯಾರು ಗುಡಿಸ್ತಾರೋ."

ಅವರು ಚಂದ್ರನ ಹಿಂದೆ ಹೋಗುವ ದಿನ ಬಂತು. ಹಿಂದೆ ಹೋದ ಮೇಲೆ ಸ್ವಲ್ಪ ಹೊತ್ತು ಅವರ ಮಾತೇ ಭೂಮಿಗೆ ಕೇಳುವುದಿಲ್ಲ ಎಂದು ನಾನು ವಿವರಿಸಿದ್ದೇ ತಪ್ಪಾಯಿತು. ಮಾಮ ಬೆಳಿಗ್ಗೆಯಿಂದ ಕೋಲು ಊರಿಕೊಂಡು ಹಾಲ್‌ನಲ್ಲಿ ಆಚೆ ಈಚೆ.

"ಮಾತೇ ಇಲ್ವಾ? ಮಿಸ್ಡ್ ಕಾಲ್ ಸಹ ಇಲ್ವಾ?"

"ಚಂದ್ರ ಅಡ್ಡ ಬರ್ತಾನೆ ಮಾಮ. ಆಚೆ ಬದಿಯಲ್ಲಿ ಟವರ್ ಇಲ್ಲ. ಶಿರಾಡಿ ಘಾಟಿಯಲ್ಲಿ ರೇಂಜ್ ಹೋಗುದಿಲ್ವಾ? ಹಾಗೆಯೇ. ಹೋದ ಬಸ್ಸು ಬರ್ಲಿಲ್ವಾ?"

"ಎಲ್ಲ ಬಸ್ಸೂ ಬಂದಿದೆಯಾ?" ಎಂದರು ಮಾಮ.

ನಾನು ಟಿವಿಯ ಸೌಂಡ್ ಜಾಸ್ತಿ ಮಾಡಿದೆ.

ಟಿವಿಯವರು ಅವರ ದನಿ ಮತ್ತೆ ಕೇಳಿತೆಂದು ಹೇಳಿದಾಗ ಮಾಮ ಚಪ್ಪಾಳೆ ಹೊಡೆದು ಒಳಗೆ ಕೂಗಿದರು, "ಏ, ಅವರು ಈಚೆ ಬಂದ್ರು!" ಒಳಗಿನಿಂದ ಉತ್ತರ ಬರಲಿಲ್ಲ. ಮಾಮಿ ಊಟದ ಮೇಜಿನ ಹತ್ತಿರ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಷ್ಟಿಯಲ್ಲಿ ಮಾವಿನ ಎಲೆಗಳು. ತುಟಿಯ ಬಣ್ಣ ಬೇರೆಯೇ ಆಗಿತ್ತು. ಉಸಿರು ಅರ್ಧಕ್ಕೆ ನಿಂತು ನಿಂತು ಬರುತ್ತಿತ್ತು.

"ಎಂತ ಇಲ್ಲ ಮಗಾ," ಎಂದರು ನನ್ನನ್ನು ನೋಡಿ. "ಸ್ವಲ್ಪ ರೇಂಜ್ ಹೋಗಿದೆ."

ಹಮೀದಾಕ ಕಾರು ತಂದರು. ಅಪ್ಪ ಮತ್ತು ನಾನು ಮಾಮಿಯನ್ನು ಎತ್ತಿ ಹೊರಗೆ ತಂದೆವು. ಬಾಗಿಲು ದಾಟುವಾಗ ಮಾಮಿ ತಿರುಗಿ ಮನೆ ನೋಡಿದರು. ಉಸಿರಿಗೆ ಜಾಗ ಇಲ್ಲದಿದ್ದರೂ ಮಾತಿಗೆ ಜಾಗ ಮಾಡಿಕೊಂಡರು. "ಹೀಗೆ ಬಿಟ್ಟು ಹೋಗ್ಲಿಕ್ಕೆ ನಾಚಿಕೆ ಆಗ್ತದೆ. ಯಾರೂ ಗುಡಿಸ್ಬೇಡಿ. ನಾನು ಬಂದು ಗುಡಿಸ್ತೇನೆ."

ಫಳ್ನೀರಿನ ಆಸ್ಪತ್ರೆಯಲ್ಲಿ ಮಾಮಿಯನ್ನು ಐಸಿಯು ಒಳಗೆ ತೆಗೆದುಕೊಂಡರು. ಬಾಗಿಲು ಮುಚ್ಚಿತು. ಹೊರಗೆ ಬೆಂಚು. ಬೆಂಚಿನ ಮೇಲೆ ನನ್ನ ಮಾಮ. ಅಷ್ಟು ವರ್ಷ ಅದೇ ಬೀದಿಯಲ್ಲಿ ಊರಿಗೆಲ್ಲ ಚಹಾ ಕೊಟ್ಟವರು ಈಗ ಕ್ಯಾಂಟೀನಿನ ಚಹಾವನ್ನು ಕೈಯಲ್ಲಿ ಹಿಡಿದು ಆರಿಸಿ, ಕುಡಿಯದೆ ಕೆಳಗಿಡುತ್ತಿದ್ದರು.

ಕಾರ್ಕಳದಿಂದ ದೊಡ್ಡಮ್ಮ ಬಂದರು. ಮಾಮನ ಅಕ್ಕ. ಬಂದವರು ಮೊದಲು ಮನೆಗೆ ಹೋಗಿ ನೋಡಿ, ಆಮೇಲೆ ಆಸ್ಪತ್ರೆಗೆ ಬಂದರು. ಅದೇ ದೊಡ್ಡ ತಪ್ಪು.

"ಆ ಧೂಳಲ್ಲಿ ಗಟ್ಟಿಮುಟ್ಟು ಇದ್ದವರೂ ಬೀಳ್ತಾರೆ. ನಿನ್ನ ಹಠವೇ ಅವಳನ್ನು ಇಲ್ಲಿಗೆ ತಂದದ್ದು," ಎಂದರು.

ಆಮೇಲೆ ಡಾಕ್ಟರು ಹೊರಗೆ ಬಂದಾಗ ಮಾಮ ಎದ್ದು ನಿಂತು ಕೇಳಿದರು, "ಧೂಳಿನಿಂದಲಾ ಡಾಕ್ಟ್ರೇ?" ಅಲ್ಲ, ವಾಲ್ವಿನ ತೊಂದರೆ, ಮೊದಲೇ ಇದ್ದದ್ದು ಎಂದರು ಡಾಕ್ಟರು. ಸಾಕಾ? ಇಲ್ಲ. ಮಾಮನಿಗೆ ಪುರಾವೆ ಬೇಕಲ್ಲ! ಸಂಜೆ ಬಂದ ಬೇರೆ ಡಾಕ್ಟರಿಗೂ ಕೇಳಿದರು. ನರ್ಸಿಗೆ ಕೇಳಿದರು. ಎಕ್ಸ್‌ರೇ ತೆಗೆಯುವವನಿಗೆ ಕೇಳಿದರು. ಲಿಫ್ಟಿನಲ್ಲಿ ನಿಲ್ಲುವವನಿಗೆ ಸಹ ಕೇಳಿದರು, "ಧೂಳಿನಿಂದ ಹಾಗೆ ಆಗ್ತದಾ?" ಅವನು ಪಾಪ, "ಎಷ್ಟನೇ ಮಾಳಿಗೆ?" ಎಂದ. ಇದನ್ನು ನಾನು ಗೆಳೆಯರಿಗೆ ಬಹಳ ಚೆನ್ನಾಗಿ ನಟಿಸಿ ತೋರಿಸುತ್ತೇನೆ. ಎಲ್ಲರೂ ನಗುತ್ತಾರೆ. ನಾನು ಅಲ್ಲಿಗೆ ನಿಲ್ಲಿಸುತ್ತೇನೆ, ಮಾಮ ಲಿಫ್ಟಿನಿಂದ ಇಳಿಯದೆ ಮೇಲೂ ಕೆಳಗೂ ಹೋಗುತ್ತಿದ್ದದ್ದನ್ನು ಹೇಳುವುದಿಲ್ಲ.

ದಿನಕ್ಕೆ ಸ್ವಲ್ಪ ಹೊತ್ತು ಒಬ್ಬೊಬ್ಬರನ್ನು ಒಳಗೆ ಬಿಡುತ್ತಿದ್ದರು. ನನ್ನ ಸರದಿ ಬಂದಾಗ ಮಾಮಿ ನನ್ನನ್ನು ಕಂಡು ಮೊದಲು ಕೇಳಿದ್ದು, "ಆ ನಾಲ್ಕು ಜನ ಎಲ್ಲಿಗೆ ಮುಟ್ಟಿದ್ರು?"

"ಬರ್ತಾ ಇದ್ದಾರೆ ಮಾಮಿ. ಅರ್ಧ ದಾರಿ ಆಯ್ತು."

"ನಿನ್ನ ಮಾಮ ತಿಂದ್ರಾ?"

ತಿಂದರು ಎಂದೆ. ಮಾಮಿ ನಂಬಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ನಕ್ಕರು. "ಇವರು ಯಾಕೆ ಹೀಗೆ ಗೊತ್ತುಂಟಾ ನಿನಗೆ? ನನ್ನಿಂದಲೇ." ಮದುವೆಯಾದ ಹೊಸತರಲ್ಲಿ ಮಾಮಿ ಒಬ್ಬರೇ ಬಸ್ಸಿನಲ್ಲಿ ಮೂಡಬಿದ್ರೆಯ ತವರುಮನೆಗೆ ಹೋಗಿದ್ದರಂತೆ. ಎರಡು ಮನೆಯಲ್ಲೂ ಫೋನ್ ಇಲ್ಲ. ಹೊರಡುವಾಗ ಮಾಮ ತಮಾಷೆಗೆ, "ನೀನು ಮುಟ್ಟಿದ್ದು ಗೊತ್ತಾಗುವ ತನಕ ನಾನು ಗುಡಿಸುದಿಲ್ಲ" ಎಂದಿದ್ದರಂತೆ. ಅಲ್ಲಿ ಜ್ವರ ಬಂದು ಮಾಮಿ ಹೆಚ್ಚು ದಿನ ಉಳಿದರು. ವಾಪಸ್ ಬಂದು ನೋಡಿದರೆ ಮನೆ ದನದ ಹಟ್ಟಿ. ನಡುವೆ ಚಾಪೆಯ ಮೇಲೆ, ಗಡ್ಡ ಬಿಟ್ಟುಕೊಂಡು ಕೂತ ಮಾಮ!

"ನಾನು ಬೈದೆ. ಆಮೇಲೆ ಗುಡಿಸಿದೆ. ಗುಡಿಸ್ತಾ ಗುಡಿಸ್ತಾ ನಗು ಬಂತು ನೋಡು. ನನ್ನನ್ನು ಇಷ್ಟು ಕಾದವರು ಯಾರೂ ಇರ್ಲಿಲ್ಲ ಮಗಾ." ಸ್ವಲ್ಪ ಉಸಿರು ತೆಗೆದುಕೊಂಡರು. "ಇದೆಲ್ಲ ಅವರ ಹತ್ತಿರ ಹೇಳ್ಬೇಡ. ಕೊಬ್ಬು ಏರ್ತದೆ."

ಆ ನಾಲ್ಕು ಜನ ಇಳಿಯುವುದು ನಮ್ಮ ಬೆಳಗ್ಗಿನ ಹೊತ್ತಿಗೆ. ಬೆಂಚಿನಲ್ಲಿ ಕೂತು ನನ್ನ ಫೋನಿನಲ್ಲಿ ನಾವಿಬ್ಬರೂ ನೋಡಿದೆವು. ಇಬ್ಬರು ಎಂದರೆ ಶುರುವಿನಲ್ಲಿ. ಆಮೇಲೆ ಪಕ್ಕದ ಬೆಂಚಿನ ಅಜ್ಜಿ ಬಂದರು. ಮಗನನ್ನು ಒಳಗೆ ಮಲಗಿಸಿದ್ದ ಒಬ್ಬ ಅಪ್ಪ ಬಂದ. ಬುರ್ಖಾ ಹಾಕಿದ ಇಬ್ಬರು ಅಕ್ಕತಂಗಿಯರು ಬಂದರು. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣುಗಳೆಲ್ಲ ನನ್ನ ಅಂಗೈ ಅಗಲದ ಪರದೆಯ ಮೇಲೆ. ನಾನು ಬಿಡುತ್ತೇನಾ? ಕಾಮೆಂಟ್ರಿ ಶುರು ಮಾಡಿದೆ. ಈಗ ಗಾಳಿಯೊಳಗೆ ನುಗ್ಗುತ್ತಾರೆ, ಹೊರಗೆಲ್ಲ ಬೆಂಕಿ, ಈಗ ಸ್ವಲ್ಪ ಹೊತ್ತು ಯಾರ ಮಾತೂ ಕೇಳುವುದಿಲ್ಲ.

"ಪುನಃ ಮಾತಿಲ್ವಾ?" ಎಂದರು ಮಾಮ.

"ಸ್ವಲ್ಪ ಹೊತ್ತು ಮಾತ್ರ."

ಭೂಮಿಯಿಂದ ಯಾರೋ ಕರೆಯುತ್ತಿದ್ದರು. ಉತ್ತರ ಇಲ್ಲ. ಮತ್ತೆ ಕರೆದರು. ಅಜ್ಜಿ ಜಪ ಶುರು ಮಾಡಿದರು. ಅಕ್ಕತಂಗಿಯರ ತುಟಿಯೂ ಅಲ್ಲಾಡುತ್ತಿತ್ತು. ಯಾರು ಯಾರಿಗೋಸ್ಕರ ಬೇಡಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿಲ್ಲ. ಮಾಮ ಪರದೆ ನೋಡುತ್ತಲೇ ಇರಲಿಲ್ಲ, ಐಸಿಯು ಬಾಗಿಲು ನೋಡುತ್ತಿದ್ದರು. ಆಮೇಲೆ ಗರಗರ ಎಂದು ಒಂದು ದನಿ ಬಂತು. ನೀಲಿ ಆಕಾಶದಲ್ಲಿ ದೊಡ್ಡ ದೊಡ್ಡ ಕೊಡೆಗಳು ಬಿಚ್ಚಿಕೊಂಡವು. ಆ ಡಬ್ಬಿ ತೂಗುತ್ತ ತೂಗುತ್ತ ಬಂದು ಸಮುದ್ರದಲ್ಲಿ ಕೂತಿತು. ಕಾರಿಡಾರಿನಲ್ಲಿ ಎಂಥ ಚಪ್ಪಾಳೆ! ನರ್ಸ್ ಬಾಗಿಲು ತೆಗೆದು ಬೈದಳು. ಆಮೇಲೆ ತಾನೂ ಬಗ್ಗಿ ನೋಡಿದಳು.

"ಮುಟ್ಟಿದ್ರು," ಎಂದರು ಮಾಮ. ಅಷ್ಟು ದಿನಗಳಲ್ಲಿ ಮೊದಲ ಸಲ ಬೆನ್ನನ್ನು ಗೋಡೆಗೆ ಕೊಟ್ಟರು. "ನೋಡು, ಎಷ್ಟು ದೂರ ಹೋದವರು ಸಹ ಮುಟ್ತಾರೆ."

"ಮನೆಯಲ್ಲಿ ಅಮ್ಮನಿಗೆ ಫೋನ್ ಮಾಡ್ಲಾ ಮಾಮ, ಗುಡಿಸ್ಲಿಕ್ಕೆ?"

"ಗುಡಿಸ್ಲಿಕ್ಕಾ? ನಿನಗೆ ತಲೆ ಸರಿ ಉಂಟಾ? ಇವಳು ಇನ್ನೂ ಬರ್ಲಿಲ್ಲ."

ನರ್ಸಿನ ಕೈಕಾಲು ಹಿಡಿದು ನಾನು ಒಳಗೆ ಹೋದೆ. ಮಾಮಿಯ ಮುಖಕ್ಕೆ ಮಾಸ್ಕ್ ಹಾಕಿದ್ದರು. ಕಿವಿಯ ಹತ್ತಿರ ಬಗ್ಗಿ ಹೇಳಿದೆ, "ಮಾಮಿ, ಅವರು ಮುಟ್ಟಿದ್ರು." ಕಣ್ಣು ತೆರೆದರು. ಮಾತು ಆಗಲಿಲ್ಲ. ಬಲಗೈಯನ್ನು ಹಾಸಿಗೆಯ ಮೇಲೆ ಸ್ವಲ್ಪ ಎತ್ತಿ, ಆಚೆಯಿಂದ ಈಚೆಗೆ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಗುಡಿಸಬಹುದಲ್ಲ ಇನ್ನು, ಎಂದು.

ಮಧ್ಯಾಹ್ನದ ಊಟದ ಹೊತ್ತಿಗೆ ಮಾಮಿ ತೀರಿಹೋದರು.

ಮಾಮಿಯನ್ನು ಮನೆಗೆ ತಂದೆವು. ಹಾಲ್‌ನ ನಡುವೆ ಮಲಗಿಸಬೇಕು, ಮಲಗಿಸುವ ಜಾಗದಲ್ಲಿ ಧೂಳು. ದೊಡ್ಡಮ್ಮ ಹಿಡಿಸೂಡಿ ಎತ್ತಿಕೊಂಡರು. ಮಾಮ ತಮ್ಮ ಹೆಗಲ ಬೈರಾಸು ತೆಗೆದು, ಕೆಟ್ಟ ಮೊಣಗಂಟು ಮಡಚಿ ಕೂತು, ಅಷ್ಟು ಜಾಗವನ್ನು ಅದರಲ್ಲಿ ಒರಸಿದರು. ಒರಸುವುದು ಗುಡಿಸುವುದಲ್ಲ. ಯಾರೂ ವಾದ ಮಾಡಲಿಲ್ಲ. ವಾದ ಮಾಡುವವರು ಮಲಗಿದ್ದರು. ಬಂದ ಜನರ ಹೆಜ್ಜೆಗಳೆಲ್ಲ ನೆಲದಲ್ಲಿ ಮೂಡಿ, ಒಂದರ ಮೇಲೊಂದು ಬಿದ್ದು, ಕೊನೆಗೆ ಯಾರದೆಂದು ಗೊತ್ತಾಗದ ಹಾಗಾಯಿತು.

ಹೆಣ ಹೊರಗೆ ಹೋದ ಕೂಡಲೇ ಮನೆ ಗುಡಿಸಿ ನೀರು ಹಾಕಿ ತೊಳೆಯಬೇಕು. ಅದೂ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕ್ರಮವೇ. ನಾವು ಮಾಮಿಯನ್ನು ಎತ್ತಿ ಗೇಟು ದಾಟುತ್ತಿದ್ದಾಗ ಹಿಂದೆ ಗಲಾಟೆ ಕೇಳಿತು. ತಿರುಗಿ ನೋಡಿದೆ. ದೊಡ್ಡಮ್ಮ ಹಿಡಿಸೂಡಿ ಹಿಡಿದು ಒಳಗೆ ಹೊರಟಿದ್ದರು. ಮಾಮ ಹೊಸ್ತಿಲ ಮೇಲೆ ಅಡ್ಡ ಕೂತಿದ್ದರು.

"ಏಳು. ಗುಡಿಸ್ಬೇಕು."

"ಅವಳು ಈಗಷ್ಟೆ ಹೊರಟದ್ದು."

"ಎಂತ ಮಾತು ಅಂತ ಆಡ್ತಿ? ಹೆಣ ಹೋದ ಮನೆಯನ್ನು ಗುಡಿಸದೆ ಇಡ್ಲಿಕ್ಕುಂಟಾ?"

"ಹೊರಡುದು ನಾನು ಕಂಡಿದ್ದೇನೆ ಅಕ್ಕಾ. ಮುಟ್ಲಿ. ಆಮೇಲೆ ಗುಡಿಸು."

ಅಪ್ಪ ಹೋಗಿ ಮಾಮನ ಕೈ ಹಿಡಿದು, ನೀವು ಸ್ಮಶಾನಕ್ಕೆ ಬರಬೇಕಲ್ಲ ಭಾವ ಎಂದರು. ಮಾಮ ತಲೆ ಅಲ್ಲಾಡಿಸಿದರು. "ನಾನು ಬಂದ್ರೆ ಇವರು ಗುಡಿಸ್ತಾರೆ."

ಹಾಗಾಗಿ ಮಾಮಿಯ ಕೊನೆಯ ಕೆಲಸಕ್ಕೆ ಸೋದರಳಿಯನಾದ ನಾನೇ ನಿಂತೆ. ತಣ್ಣೀರು ಸುರಿದರು. ಒದ್ದೆ ಮುಂಡು ಉಟ್ಟು, ನೀರಿನ ಮಡಕೆ ಹೆಗಲಿಗೇರಿಸಿಕೊಂಡು ಸುತ್ತು ಬಂದೆ. ಸೌದೆಯ ರಾಶಿಯ ಆಚೆ ಬದಿಗೆ ಹೋದಾಗ ಈಚೆ ನಿಂತ ಅಪ್ಪ, ಹಮೀದಾಕ ಯಾರೂ ಕಾಣುವುದಿಲ್ಲ. ಅಷ್ಟು ಹೊತ್ತು ಅಲ್ಲಿ ನಾನು ಮತ್ತು ಮಾಮಿ ಮಾತ್ರ. ಏನಾದರೂ ತಮಾಷೆ ಹೇಳೋಣ ಎಂದು ನೋಡಿದೆ. ಬಾಯಿ ಬರಲಿಲ್ಲ. ಸುತ್ತು ಮುಗಿಸಿ ಈಚೆಗೆ ಬಂದೆ. ಬೆಂಕಿ ಕೊಟ್ಟೆ.

ಬೆಂಕಿ ಸರಿಯಾಗಿ ಹತ್ತಿಕೊಂಡ ಮೇಲೆ ಅಪ್ಪನ ಕಿಸೆಯಲ್ಲಿದ್ದ ನನ್ನ ಫೋನ್ ರಿಂಗಾಯಿತು. ಅಪ್ಪ ಹೆಸರು ನೋಡಿದರು. ನನ್ನ ಕೈ ಒದ್ದೆ. ಅವರೇ ಫೋನನ್ನು ನನ್ನ ಕಿವಿಗೆ ಹಿಡಿದರು.

"ಮುಟ್ಟಿದ್ಳಾ?"

ಈ ಪ್ರಶ್ನೆಗೆ ನಾನು ಎಷ್ಟು ಸಲ ಸುಳ್ಳು ಹೇಳಿದ್ದೇನೆ! ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಥಿಯೇಟರಿನ ಕ್ಯೂನಲ್ಲಿ ನಿಂತು, ಗಡ್‌ಬಡ್‌ನ ಚಮಚ ಬಾಯಲ್ಲಿಟ್ಟುಕೊಂಡು. ಆವತ್ತು ಹೇಳಿದ್ದು ಸುಳ್ಳೋ ನಿಜವೋ ನನಗೆ ಈಗಲೂ ಗೊತ್ತಿಲ್ಲ.

"ಮುಟ್ಟಿದ್ರು ಮಾಮ."

ಸೌಂಡ್ ಕೇಳಿಸು ಎನ್ನುತ್ತಾರೆಂದು ಕಾದೆ. ಹಿಂದೆ ಸೌದೆ ಚಟಪಟ ಎನ್ನುತ್ತಿತ್ತು. ಮಾಮ ಕೇಳಲಿಲ್ಲ. "ಹಾಂ," ಎಂದರು. "ಹಾಗಾದ್ರೆ ಅಡ್ಡಿಲ್ಲ."

ಫೋನ್ ಕಟ್ ಮಾಡಲು ಮರೆತು ಅದನ್ನು ಎಲ್ಲೋ ಇಟ್ಟರೆಂದು ಕಾಣುತ್ತದೆ. ದೊಡ್ಡಮ್ಮನ ದನಿ ದೂರದಲ್ಲಿ ಕೇಳಿತು. "ಕೊಡು ಇಲ್ಲಿ, ನಿನ್ನಿಂದ ಬಗ್ಗಲಿಕ್ಕೆ ಆಗುದಿಲ್ಲ." ಮಾಮ ಕೊಟ್ಟ ಹಾಗೆ ಕಾಣಲಿಲ್ಲ. ಯಾಕೆಂದರೆ ಆಮೇಲೆ ಕೋಲು ಊರುವ ಸದ್ದು ಒಂದು, ಹಿಡಿಸೂಡಿ ಎಳೆಯುವ ಸದ್ದು ಒಂದು, ಮತ್ತೆ ಕೋಲು, ಮತ್ತೆ ಹಿಡಿಸೂಡಿ. ಒಳಕೋಣೆಯಿಂದ ಶುರುವಾಗಿ, ನಿಧಾನಕ್ಕೆ ಹಾಲ್‌ಗೆ ಬಂದು, ಬಾಗಿಲ ಹತ್ತಿರ ಬರುವ ತನಕ ನಾನು ಕೇಳುತ್ತ ನಿಂತೆ. ಅಪ್ಪ ಫೋನ್ ಹಿಡಿದ ಕೈಯನ್ನು ಇಳಿಸಲಿಲ್ಲ.